ಕೈಕೋವಿಯ ಆಯ್ಕೆ ಮತ್ತು ಅನರ್ಥದಂಡ ವ್ರತ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಹುಣಸೂರು, ಬೈಲಕುಪ್ಪೆಗಳನ್ನು ದಾಟಿ ಕೊಪ್ಪದ ಬಳಿ ಕಾವೇರಿಯನ್ನು ಮುಟ್ಟುತ್ತದೆ. ಸೇತುವೆಯ ಈಚೆ ದಡ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದು. ಆಚೆ ದಡದ ಕುಶಾಲನಗರ ಕೊಡಗಿನದು. ಹೊಳೆಯ ಎರಡು ದಡಗಳಲ್ಲಿ ಮಣ್ಣು ಒಂದೇ, ಮಳೆ ಒಂದೇ; ಆದರೆ ಕೋವಿಯ ಕಾನೂನು ಒಂದೇ ಅಲ್ಲ. ಆಚೆಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಈಚೆಯ ರೈತನಾದರೋ 1959ರ ಆಯುಧ ಅಧಿನಿಯಮದ ಪ್ರಕಾರ ಅರ್ಜಿ ಬರೆದು, ಪೊಲೀಸ್ ವರದಿಗಾಗಿ ಕಾದು, ಜಿಲ್ಲಾ ದಂಡಾಧಿಕಾರಿಯ ಅಪ್ಪಣೆ ಪಡೆಯಬೇಕು. ಇಂತಹ ಗಡಿಯಲ್ಲಿ ನಿಂತವನಿಗೆ ಮೊದಲ ಕೋವಿಯ ಆಯ್ಕೆ ಎಂಬುದು ಅಂಗಡಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದು ನ್ಯಾಯದ ಪ್ರಶ್ನೆ, ಅದಕ್ಕೂ ಮೊದಲು ಆಚಾರದ ಪ್ರಶ್ನೆ.

ಪಿಸ್ತೂಲು, ರಿವಾಲ್ವರುಗಳ ಬಗೆಗೆ ಇಂದು ನಡೆಯುವ ಚರ್ಚೆ ಬಹುಮಟ್ಟಿಗೆ ತಯಾರಕರ ಹೆಸರು, ನಳಿಗೆಯ ಅಳತೆ, ತೂಕ ಮತ್ತು ಬೆಲೆಗಳ ಸುತ್ತಲೇ ತಿರುಗುತ್ತದೆ. ಈ ಚರ್ಚೆ ತುದಿಯಿಂದ ಆರಂಭವಾಗುತ್ತದೆ ಎಂಬುದೇ ಅದರ ದೋಷ. ಯಾವ ಕೈಕೋವಿ ಎಂದು ಕೇಳುವ ಮೊದಲು ಯಾವ ಪ್ರಯೋಜನ ಎಂದು ಕೇಳಬೇಕು. ಈ ಕ್ರಮವನ್ನು ಶ್ರಾವಕಾಚಾರ ಗ್ರಂಥಗಳು ಸಾವಿರ ವರ್ಷಗಳಿಗೂ ಹಿಂದೆ ಗುರುತಿಸಿದ್ದವು. ಕುತೂಹಲದ ಸಂಗತಿಯೆಂದರೆ ಭಾರತದ ಆಯುಧ ಕಾನೂನೂ ಇದೇ ಕ್ರಮವನ್ನು ಅನುಸರಿಸುತ್ತದೆ.

ಶಬ್ದಗಳಿಂದಲೇ ಆರಂಭಿಸಬಹುದು. ಕೋವಿ ಎಂದರೆ ಮೂಲತಃ ಕೊಳವೆ. ಅಚ್ಚಗನ್ನಡದ ಈ ಮಾತು ಆಯುಧಕ್ಕೆ ಆಮೇಲೆ ಅಂಟಿಕೊಂಡಿತು. ತುಪಾಕಿ, ಬಂದೂಕುಗಳು ಪಶ್ಚಿಮ ಏಷ್ಯಾದ ಭಾಷೆಗಳಿಂದಲೂ ಪಿಸ್ತೂಲು, ರಿವಾಲ್ವರುಗಳು ಯುರೋಪಿನಿಂದಲೂ ಬಂದವು. ಹೊಲದ ಕಾವಲಿಗೆ ನಿಂತ ಉದ್ದ ನಳಿಗೆಯ ಆಯುಧಕ್ಕೆ ಜನ ತಮ್ಮದೇ ಮಾತನ್ನು ಹಚ್ಚಿದರು; ಅಂಗಿಯೊಳಗೆ ಅಡಗುವ ಆಯುಧಕ್ಕೆ ಇಂದಿಗೂ ಎರವಲು ಹೆಸರೇ ಉಳಿದಿದೆ. ಇದರಿಂದ ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೂ ಕೃಷಿಕ ಸಮಾಜದ ಬದುಕಿನಲ್ಲಿ ಈ ಎರಡು ಆಯುಧಗಳ ಸ್ಥಾನ ಬೇರೆ ಬೇರೆ ಎಂಬುದಕ್ಕೆ ಅದು ಒಂದು ಸೂಚನೆ.

ಕಾನೂನು ಈ ಭೇದವನ್ನು ಸ್ಪಷ್ಟವಾಗಿ ಹೇಳುತ್ತದೆ. ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ, ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ನಾಡಕೋವಿಯನ್ನೋ, ರಕ್ಷಣೆ ಅಥವಾ ಕ್ರೀಡೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕನ್ನೋ ನಾಗರಿಕನೊಬ್ಬ ಬಯಸಿದರೆ, ನಿರಾಕರಣೆಗೆ ಕಾರಣವಿಲ್ಲದಿದ್ದಲ್ಲಿ ಪರವಾನಗಿ ಕೊಡಬೇಕು. ಕೈಕೋವಿ ಈ ವರ್ಗಕ್ಕೆ ಸೇರುವುದಿಲ್ಲ. ಅದನ್ನು ಬಯಸುವವನು ತನಗೆ ಸಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಇಪ್ಪತ್ತೊಂದು ವರ್ಷ ತುಂಬಿರಬೇಕು. 2016ರ ನಿಯಮಗಳಂತೆ ಆಯುಧಗಳ ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು. 9 ಮಿ.ಮೀ. ಪಿಸ್ತೂಲು, .38 ರಿವಾಲ್ವರುಗಳು ನಿಷೇಧಿತ ಬೋರಿನವು. ಸಾಮಾನ್ಯ ನಾಗರಿಕನಿಗೆ ಉಳಿಯುವುದು.32, .22ರಂತಹ ಕೆಲವೇ ಅಳತೆಗಳು. ಹೀಗೆ ಪ್ರಯೋಜನವು ದೂರವಾದಷ್ಟೂ, ಆಯುಧವು ಗುಪ್ತವಾದಷ್ಟೂ ಪ್ರಶ್ನೆಗಳು ಹೆಚ್ಚುತ್ತವೆ. ಈ ಶ್ರೇಣಿ ವಿವೇಕಯುತವಾದದ್ದು.

ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ನೈಜ ಅಗತ್ಯವನ್ನು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ನಾಗರಹೊಳೆಯ ಅಂಚಿನ ಊರುಗಳಲ್ಲಿ ಜೋಳ, ಶುಂಠಿ, ಹೊಗೆಸೊಪ್ಪು ಬೆಳೆಯುವವನ ಶತ್ರು ಕಳ್ಳನಲ್ಲ. ಇರುಳು ಹೊಲಕ್ಕಿಳಿಯುವ ಆನೆ ಮತ್ತು ಕಾಡುಹಂದಿ. ಆನೆಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಗುರುತರ ಅಪರಾಧ. ಅಲ್ಲಿ ಕೋವಿಗಿರುವ ಉಪಯೋಗ ಸದ್ದು ಮಾಡಿ ಬೆದರಿಸುವುದಷ್ಟೆ. ಆ ಸದ್ದಿಗೆ ನಾಡಕೋವಿ ಸಾಕು. ಗಿಡ್ಡ ನಳಿಗೆಯ ರಿವಾಲ್ವರು ಬೆಳೆಯನ್ನೂ ಕಾಯದು, ಆನೆಯ ಎದುರು ಮನುಷ್ಯನನ್ನೂ ಕಾಯದು. ಅದನ್ನು ಮನುಷ್ಯ ಮನುಷ್ಯನತ್ತ ಗುರಿಯಿಡುವುದಕ್ಕಾಗಿಯೇ ರೂಪಿಸಲಾಗಿದೆ. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದು ರೈತರು ಬೆಳೆ ಕಾಯಲಾರದೆ ಸಂಕಟಪಡುವುದುಂಟು. ಸಹಾನುಭೂತಿಗೆ ಅರ್ಹವಾದ ಬೇಡಿಕೆ ಅದು. ಅದೇ ಸಹಾನುಭೂತಿಯನ್ನು ಪ್ರತಿಷ್ಠೆಗಾಗಿ ಸೊಂಟಕ್ಕೆ ಸಿಕ್ಕಿಸುವ ಆಯುಧಕ್ಕೆ ವಿಸ್ತರಿಸಲಾಗದು.

ಜೈನಪರಂಪರೆ ಆಯುಧವನ್ನು ಕಂಡೊಡನೆ ಕಣ್ಣು ಮುಚ್ಚಿಕೊಳ್ಳುತ್ತದೆಂಬುದು ತಪ್ಪು ಗ್ರಹಿಕೆ. ಗಂಗರ ದಂಡನಾಯಕನಾಗಿ ಯುದ್ಧಗಳನ್ನು ಗೆದ್ದ ಚಾವುಂಡರಾಯನೇ 978ರಲ್ಲಿ ಗದ್ಯಪುರಾಣವನ್ನು ಬರೆದ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಪರಮ ಜೈನ. ಇವರಿಗೆ ಅವಕಾಶ ಕೊಟ್ಟ ಧರ್ಮವು ಹಿಂಸೆಯನ್ನು ಒಂದೇ ಮುದ್ದೆಯಾಗಿ ನೋಡಲಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಅದನ್ನು ನಾಲ್ಕಾಗಿ ವಿಂಗಡಿಸುವುದು ರೂಢಿ. ಮನೆಗೆಲಸದಲ್ಲಿ ಅನಿವಾರ್ಯವಾಗಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವುದು ವಿರೋಧೀ. ಕೊಲ್ಲುವೆನೆಂದು ಮನಸ್ಸು ಮಾಡಿ ಎಸಗುವುದು ಸಂಕಲ್ಪೀ. ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಉಳಿದವನ್ನು ಕಡಿಮೆ ಮಾಡುತ್ತ ಹೋಗಬೇಕು. ನಾಡಕೋವಿ ಉದ್ಯೋಗೀ ಹಿಂಸೆಯ ಅಂಚಿನಲ್ಲಿರುವ ಸಾಧನ. ಕೈಕೋವಿಗೆ ವಿರೋಧೀ ಹಿಂಸೆಯೊಂದೇ ಸಮರ್ಥನೆ. ಆ ಸಮರ್ಥನೆ ಇಲ್ಲದೆಡೆ ಅದು ಅನರ್ಥದಂಡದ ಕ್ಷೇತ್ರಕ್ಕೆ ಜಾರುತ್ತದೆ.

ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಎಸಗುವ ಅಥವಾ ಎಸಗಲು ಅನುವು ಮಾಡಿಕೊಡುವ ಹಾನಿ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಇದನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ನಿರೂಪಿಸುತ್ತದೆ. ಹಿಂಸಾದಾನವೆಂದರೆ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ ಮೊದಲಾದ ಹಿಂಸೋಪಕರಣಗಳನ್ನು ಇತರರ ಕೈಗೆ ಕೊಡುವುದು. ಆಯುಧದ ಪಟ್ಟಿಯಲ್ಲಿ ಗುದ್ದಲಿಯೂ ಇರುವುದು ಗಮನಾರ್ಹ: ವಸ್ತು ಯಾವುದೆಂಬುದಕ್ಕಿಂತ ಅದು ಯಾರ ಕೈಗೆ, ಯಾವ ಉದ್ದೇಶದಿಂದ ಹೋಗುತ್ತದೆಂಬುದು ಇಲ್ಲಿ ಮುಖ್ಯ. ಪರವಾನಗಿಯ ಕೋವಿಯನ್ನು ನೆಂಟನಿಗೆ, ಗೆಳೆಯನಿಗೆ ಎರವಲು ಕೊಡಬಾರದೆಂಬ ಇಂದಿನ ಕಟ್ಟಳೆಯ ಹಿಂದೆ ಇರುವುದೂ ಇದೇ ವಿವೇಕ.

ಇನ್ನೂ ಸೂಕ್ಷ್ಮವಾದದ್ದು ಶ್ವೇತಾಂಬರ ಪರಂಪರೆಯಲ್ಲಿ ಈ ವ್ರತಕ್ಕೆ ಹೇಳಿರುವ ಸಂಯುಕ್ತಾಧಿಕರಣವೆಂಬ ಅತಿಚಾರ. ಒರಳಿನೊಂದಿಗೆ ಒನಕೆಯನ್ನು, ನೇಗಿಲಿನೊಂದಿಗೆ ಕುಳವನ್ನು, ಬಿಲ್ಲಿನೊಂದಿಗೆ ಅಂಬನ್ನು ಹೂಡಿ ಸಿದ್ಧವಾಗಿ ಇಟ್ಟಿರುವುದೇ ಒಂದು ದೋಷ. ಯಾರೂ ಸತ್ತಿಲ್ಲ, ಯಾರಿಗೂ ಪೆಟ್ಟಾಗಿಲ್ಲ. ಆದರೂ ಅದು ದೋಷ, ಏಕೆಂದರೆ ಕೈಗೆ ಸಿಕ್ಕಿದ ಸಿದ್ಧ ಸಾಧನವು ವಿವೇಚನೆಯ ಕಾಲವನ್ನು ಕಡಿತಗೊಳಿಸುತ್ತದೆ. ಕೋವಿಯನ್ನು ಬರಿದು ಮಾಡಿ ಬೀಗದಲ್ಲಿಡಬೇಕು, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡಬೇಕು ಎಂಬ ಆಧುನಿಕ ಸುರಕ್ಷಾ ಸೂತ್ರ ಇದರ ಅನುವಾದದಂತಿದೆ. ಮಕ್ಕಳಿರುವ ಮನೆಯಲ್ಲಿ, ಕುಡಿತವಿರುವ ಮನೆಯಲ್ಲಿ, ಮನಸ್ಸು ಕುಗ್ಗಿದವರಿರುವ ಮನೆಯಲ್ಲಿ ಆ ಕೆಲವು ನಿಮಿಷಗಳ ಅಂತರವೇ ಒಂದು ಜೀವ.

ಇಷ್ಟಾಗಿಯೂ ಕೆಲವರಿಗೆ ಕೈಕೋವಿಯ ಅಗತ್ಯ ನಿಜವಾಗಿಯೇ ಇರಬಹುದು. ಒಂಟಿ ತೋಟದ ಮನೆಯಲ್ಲಿರುವವರು, ಹಣ ಅಥವಾ ಒಡವೆಯೊಂದಿಗೆ ದಾರಿ ನಡೆಯಬೇಕಾದವರು, ಪ್ರಾಣಬೆದರಿಕೆ ಎದುರಿಸುತ್ತಿರುವವರು ಇದ್ದಾರೆ. ಅವರ ಭಯವನ್ನು ಪುಸ್ತಕದ ಮರೆಯಿಂದ ಅಲ್ಲಗಳೆಯುವುದು ಸಲ್ಲದು. ಠಾಣೆ ದೂರವಿರುವಲ್ಲಿ ಅಹಿಂಸೆಯ ಉಪದೇಶ ಅಗ್ಗವಾದದ್ದು. ಅಂಥವರ ಆಯ್ಕೆಗೂ ಪರಂಪರೆಯಲ್ಲಿ ಒಂದು ಒರೆಗಲ್ಲಿದೆ: ಪ್ರಮಾದ. ಉಮಾಸ್ವಾತಿಯು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣಕ್ಕೂ ಮುಂಚೆ ಇಡುವುದು ಪ್ರಮಾದವನ್ನೇ. ಯಾವ ಆಯುಧ ಎಚ್ಚರಗೇಡಿತನಕ್ಕೆ ಕಡಿಮೆ ಎಡೆ ಕೊಡುತ್ತದೋ ಅದು ಮೊದಲ ಬಾರಿಗೆ ಕೊಳ್ಳುವವನಿಗೆ ತಕ್ಕದ್ದು. ಪಿಸ್ತೂಲಿನಿಂದ ಮ್ಯಾಗಜೀನನ್ನು ಹೊರತೆಗೆದ ಮೇಲೂ ನಳಿಗೆಯ ಬುಡದ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು. ಬರಿದಾಗಿದೆಯೆಂಬ ಭ್ರಮೆಯಿಂದ ಆದ ಅನಾಹುತಗಳಿಗೆ ಇದು ಪ್ರಸಿದ್ಧ ಕಾರಣ. ರಿವಾಲ್ವರಿನ ಉರುಳೆಯನ್ನು ತೆರೆದರೆ ಅದರ ಎಲ್ಲ ಕೋಣೆಗಳೂ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ತೋಟಾ ಸಿಡಿಯದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆಯಬಹುದು; ಸಿಕ್ಕಿಕೊಂಡ ತೋಟಾವನ್ನು ಬಿಡಿಸುವ ಕೌಶಲ ಬೇಕಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು ಅನೇಕರ ಮೊದಲ ಕೈಕೋವಿಯಾಗಿರುವುದಕ್ಕೆ ಈ ಸರಳತೆಯೂ ಒಂದು ಕಾರಣ. 2014ರಲ್ಲಿ ಅಲ್ಲಿಯೇ ಮಹಿಳೆಯರಿಗೆಂದು ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಬಂದಿತು. ಹಗುರ ಆಯುಧವನ್ನು ಹೊರುವುದು ಸುಲಭ. ಸಿಡಿದಾಗಿನ ಹಿಂದೊದೆತವನ್ನು ತಡೆಯುವುದು ಕಷ್ಟ. ಆದ್ದರಿಂದ ಕೊಳ್ಳುವವರು ತೂಕವನ್ನಲ್ಲ, ತಮ್ಮ ಅಭ್ಯಾಸವನ್ನು ಅಳೆದುಕೊಳ್ಳಬೇಕು. ಅಭ್ಯಾಸಕ್ಕೆ ಸ್ಥಳವೂ ಸಮಯವೂ ಇಲ್ಲದವರ ಕೈಯಲ್ಲಿ ಅತ್ಯುತ್ತಮ ಕೈಕೋವಿಯೂ ಪ್ರಮಾದದ ಗಂಟು.

ಆಯುಧವನ್ನು ಹೊಂದಿರುವವನ ಮನಸ್ಸಿನ ಮೇಲೆ ಆಯುಧವು ಏನು ಮಾಡುತ್ತದೆಂಬುದನ್ನು ಕನ್ನಡ ಕಾವ್ಯ ಬಹು ಹಿಂದೆಯೇ ಕಂಡಿದೆ. ಪಂಪನ ಆದಿಪುರಾಣದಲ್ಲಿ ಸೈನ್ಯಗಳ ಕಾಳಗವನ್ನು ಮಂತ್ರಿಗಳು ತಪ್ಪಿಸುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಅಣ್ಣತಮ್ಮಂದಿರು ಒಪ್ಪುತ್ತಾರೆ. ಮೂರರಲ್ಲೂ ಸೋತ ಭರತ ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಚಕ್ರ ಕೈಗೆಟುಕುವಂತಿರದಿದ್ದರೆ ಆ ಸೋಲು ಸೋಲಾಗಿಯೇ ಮುಗಿಯುತ್ತಿತ್ತು. ಇದ್ದುದರಿಂದ ಅದು ಒಡಹುಟ್ಟಿದವನನ್ನು ಕೊಲ್ಲುವ ಯತ್ನವಾಯಿತು. ಪುರಾಣದ ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಲೋಕದ ಗುಂಡು ಹಾಗೆ ನಿಲ್ಲುವುದಿಲ್ಲ. 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯಲ್ಲಂತೂ ಬಲಿಯಾದದ್ದು ಹಿಟ್ಟಿನ ಕೋಳಿ; ಅಷ್ಟರಿಂದಲೇ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ತೊಳಲಬೇಕಾಯಿತು. ಸಂಕಲ್ಪವೇ ಇಷ್ಟು ಭಾರವಾದರೆ, ಸಂಕಲ್ಪವನ್ನು ಒಂದು ಬೆರಳಿನ ಚಲನೆಗೆ ಇಳಿಸುವ ಯಂತ್ರದ ಭಾರವೆಷ್ಟು?

ಬೈಲಕುಪ್ಪೆಯ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಶ್ರಮಣ ಪರಂಪರೆಯೂ ಸಾಕ್ಷಿಯಾಗಿದೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆನಿಂತ ಟಿಬೆಟನ್ನರು ತಮ್ಮೊಂದಿಗೆ ತಂದ ಬೌದ್ಧಧರ್ಮವು ಗೃಹಸ್ಥನಿಗೆ ಸಲ್ಲದ ಐದು ವ್ಯಾಪಾರಗಳಲ್ಲಿ ಶಸ್ತ್ರವ್ಯಾಪಾರವನ್ನು ಮೊದಲು ಹೆಸರಿಸುತ್ತದೆ. ಇತ್ತ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಗೆದ್ದ ಯುದ್ಧವನ್ನು ಬಿಟ್ಟು ನಿಂತ ಬಾಹುಬಲಿ ಇದ್ದಾನೆ. ಎರಡೂ ಪರಂಪರೆಗಳು ಆತ್ಮರಕ್ಷಣೆಯ ಕಷ್ಟವನ್ನು ಅರಿಯದವಲ್ಲ. ಪ್ರಯೋಜನ ಸಿದ್ಧವಾಗದೆ ಸಾಧನ ಕೈಗೆ ಬರಬಾರದೆಂಬುದಷ್ಟೇ ಅವುಗಳ ಒತ್ತಾಯ.

ಈ ಕ್ರಮದಲ್ಲಿ ವಿಚಾರಿಸಿದರೆ ಬಹುಪಾಲು ಮನೆಗಳಿಗೆ ಕೈಕೋವಿ ಬೇಡವೆಂಬ ತೀರ್ಮಾನವೇ ದೊರೆಯುತ್ತದೆ. ಹೊಲ ಕಾಯುವವನಿಗೆ ನಾಡಕೋವಿ ಅಡೆತಡೆಯಿಲ್ಲದೆ ಸಿಗಲಿ. ಹೊಳೆಯ ಈಚೆಯವನೆಂಬ ಕಾರಣಕ್ಕೆ ಅವನ ಅರ್ಜಿ ವರ್ಷಗಟ್ಟಲೆ ಕೊಳೆಯದಿರಲಿ. ಕೈಕೋವಿಯನ್ನು ಬಯಸುವವನು ಮಾತ್ರ ದಂಡಾಧಿಕಾರಿಯ ಮುಂದೆ ಹೇಳುವ ಸಕಾರಣವನ್ನು ಮೊದಲು ತನ್ನ ಮುಂದೆಯೇ ಹೇಳಿಕೊಳ್ಳಲಿ. ಅಲ್ಲಿ ಅದು ನಿಲ್ಲದಿದ್ದರೆ ಬೋರಿನ ಅಳತೆ, ತೂಕ, ಬೆಲೆಗಳ ಚರ್ಚೆಗೆ ಅರ್ಥವಿಲ್ಲ.