ಆ ಇನ್ನೊಂದು ತಲೆ ಯಾರದು?

ಸಿನಿಮಾದಲ್ಲಿ ರಕ್ತ ಅತಿಯಾಯಿತು ಎಂದರೆ ಸಿದ್ಧ ಉತ್ತರವೊಂದು ಬರುತ್ತದೆ: ನಮ್ಮ ಕಾವ್ಯಗಳಲ್ಲಿ ಕಡಿಮೆ ಇತ್ತೇ? ಇರಲಿಲ್ಲ, ನಿಜ. ಆದರೆ ಎಷ್ಟು ರಕ್ತ ಎಂಬುದಲ್ಲ ಪ್ರಶ್ನೆ. ಸತ್ತವನು ಯಾರೆಂದು ಕಥೆ ಕೇಳುತ್ತದೆಯೇ?

ನನ್ನೂರು ಗಾದಿಗನೂರು. ಇಲ್ಲಿಂದ ಕಂಪ್ಲಿ ದೂರವೇನಲ್ಲ. ಕುಮಾರರಾಮನ ಕಥೆ ನಮ್ಮ ಸೀಮೆಯದೇ. ಮಲತಾಯಿ ರತ್ನಾಜಿಯ ಸುಳ್ಳು ದೂರನ್ನು ನಂಬಿದ ಕಂಪಿಲರಾಯ, ಮಗನ ತಲೆ ತರಿಸಲು ಹೊರಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಬ್ಬನ ತಲೆ ಒಪ್ಪಿಸುತ್ತಾನೆ. ಕೇಳುವ ನಾವು ಮಂತ್ರಿಯ ಜಾಣತನಕ್ಕೆ ತಲೆದೂಗುತ್ತೇವೆ. ಆ ಬೇರೊಬ್ಬ ಯಾರ ಮಗ? 1327ರಲ್ಲಿ ದೆಹಲಿಯ ಸೈನ್ಯ ಕಂಪಿಲಿ ರಾಜ್ಯವನ್ನು ಮುಗಿಸಿತು. ರಾಮ ದೈವವಾಗಿ ಪೂಜೆಗೊಂಡ. ಆ ಇನ್ನೊಂದು ತಲೆಗಾಗಿ ಅತ್ತವರನ್ನು ನಾನು ಕಂಡಿಲ್ಲ.

2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳು ಈ ಮರೆವನ್ನೇ ಹಬ್ಬ ಮಾಡಿದವು. ನಾಯಕನ ಏಟಿಗೆ ಸಂಗೀತವಿದೆ. ಬಿದ್ದವನ ಮುಖ ನೋಡಲು ಕ್ಯಾಮೆರಾಗೆ ಪುರುಸೊತ್ತಿಲ್ಲ.

ಹಳಗನ್ನಡದ ನೆಪ ಹೇಳುವವರು ರನ್ನನ ‘ಗದಾಯುದ್ಧ’ ಓದಲಿ. 10ನೇ ಶತಮಾನದ ಆ ಕವಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಅವನು ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಮರುಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ಕಾಲಾಳುಗಳ ಹೆಸರು ಅಲ್ಲೂ ಇಲ್ಲ, ಒಪ್ಪುತ್ತೇನೆ. ಆದರೂ ಅಲ್ಲಿ ಶಿಳ್ಳೆ ಹೊಡೆಯಲು ಮನಸ್ಸು ಬಾರದು.

ಬರೆಯುವ ಗೆಳೆಯರೇ, ಕತ್ತಿ ಕೆಳಗಿಡಿ ಎನ್ನುತ್ತಿಲ್ಲ. ಬಿದ್ದವನಿಗೊಂದು ಹೆಸರು ಕೊಡಿ, ಮನೆಯಲ್ಲಿ ಕಾಯುವ ತಾಯಿಯನ್ನು ಕೊಡಿ. ಆಮೇಲೂ ಶಿಳ್ಳೆ ಬಿದ್ದರೆ, ಆಗ ಓದುಗರನ್ನು ಬೈಯೋಣ.