ಹುಡುಕಾಟ ಯಾರದ್ದು?

‘ಸಪ್ತ ಸಾಗರದಾಚೆ ಎಲ್ಲೋ’ ಎರಡನೇ ಭಾಗವನ್ನು ಗೆಳೆಯರೆಲ್ಲ ಮನುವಿನ ಹುಡುಕಾಟದ ಕಥೆ ಎನ್ನುತ್ತಾರೆ. ನನಗೆ 2023ರ ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ಭಾಗದಲ್ಲೇ ನಿಜವಾದ ಹುಡುಕಾಟ ಕಂಡಿತು. ಸ್ವಂತ ಮನೆಯ ಆಸೆಗೆ ಧಣಿಯ ಮಗ ಮಾಡಿದ ಅಪಘಾತವನ್ನು ತನ್ನ ಮೇಲೆ ಹಾಕಿಕೊಂಡು ಮನು ಜೈಲು ಸೇರುತ್ತಾನೆ. ಅವನನ್ನು ಬಿಡಿಸಿಕೊಳ್ಳಲು ಅಲೆಯುವವಳು ಪ್ರಿಯಾ. ಅವಳು ಎದುರಿಗೇ ನಿಂತು ಕೇಳುತ್ತಾಳೆ, ಅಳುತ್ತಾಳೆ, ಸಿಟ್ಟಾಗುತ್ತಾಳೆ.

ನವೆಂಬರ್‌ನಲ್ಲಿ ಬಂದ ಎರಡನೇ ಭಾಗದಲ್ಲಿ, ವರ್ಷಗಳ ಬಳಿಕ ಹೊರಬಂದ ಮನು ಅವಳನ್ನು ಪತ್ತೆ ಹಚ್ಚುತ್ತಾನೆ. ಹುಡುಕಾಟ ಅಲ್ಲಿಗೇ ಮುಗಿಯಿತಲ್ಲ! ಆದರೆ ಮದುವೆಯಾದ ಅವಳ ಎದುರು ಬಾರದೆ, ಮರೆಯಲ್ಲಿ ನಿಂತು ಅವಳ ಸಂಸಾರ ಸರಿಪಡಿಸಲು ಹೊರಡುತ್ತಾನೆ. ಕಥೆ ಎಳೆದಂತಾಗುವುದು ಅಲ್ಲಿಂದಲೇ. ರಕ್ಷಿತ್ ಶೆಟ್ಟಿ ಎಷ್ಟೇ ಚೆನ್ನಾಗಿ ನಟಿಸಿರಲಿ. ಹೀಗೆ ಹಿಂಬಾಲಿಸುವುದನ್ನು ತ್ಯಾಗವೆಂದು ನಾವು ಹುಡುಗರು ಕೊಂಡಾಡುತ್ತೇವೆ. ‘ನಿನಗೇನು ಬೇಕು’ ಎಂದು ಪ್ರಿಯಾಳನ್ನು ಅವನು ಮೊದಲೇ ಕೇಳಿದ್ದರೆ ಅರ್ಧ ಸಿನಿಮಾವೇ ಇರುತ್ತಿರಲಿಲ್ಲ.