ಒಂದು ತಂತಿ, ಹತ್ತು ಪೆಟ್ಟಿಗೆ

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆಗೆ ಕೂಡುವ ವಾಡಿಕೆ ಬಹು ಹಳೆಯದು. ಏಕತಾರಿಯ ಮೀಟು, ದಮ್ಮಡಿಯ ಪೆಟ್ಟು, ತಾಳದ ಕಿಣಿಕಿಣಿ. ಇಷ್ಟಿದ್ದರೆ ಸಾಕು, ಇರುಳು ಕಳೆಯುತ್ತದೆ. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳೂ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದಗಳೂ ಬಾಯಿಂದ ಬಾಯಿಗೆ ಸಾಗಿ ಬಂದದ್ದು ಈ ತಂತಿಯ ಜೊತೆಯಲ್ಲಿ. ಏಕತಾರಿ ರಾಗವನ್ನು ನುಡಿಸುವುದಿಲ್ಲ. ಒಂದೇ ಸ್ವರವನ್ನು ಹಿಡಿದು ಕೂತಿರುತ್ತದೆ. ಹಾಡುವವನು ಎಲ್ಲಿಗೆ ಹೋದರೂ ಮರಳಿ ಬರಲು ಮನೆಯ ಬಾಗಿಲು ತೆರೆದಿರುತ್ತದೆ.

ಇಂಥ ಊರೊಂದಕ್ಕೆ ಬೆಂಗಳೂರಿನಲ್ಲಿ ಓದುವ ಮಗ ರಜೆಯಲ್ಲಿ ಬರುತ್ತಾನೆಂದು ಭಾವಿಸೋಣ. ಹೆಗಲಿಗೆ ಎಲೆಕ್ಟ್ರಿಕ್ ಗಿಟಾರು; ಕೈಯಲ್ಲಿ ಒಂದು ಹಲಗೆ; ಹಲಗೆಯ ಮೇಲೆ ಸಾಲಾಗಿ ಹತ್ತು ಬಣ್ಣಬಣ್ಣದ ಪೆಟ್ಟಿಗೆಗಳು. "ಬಾರಿಸೋದು ಒಂದು ಗಿಟಾರ, ಇಷ್ಟೆಲ್ಲ ಡಬ್ಬಿ ಯಾಕೋ ತಮ್ಮಾ?" ಎಂದು ಅಜ್ಜ ಕೇಳದೆ ಇರಲಾರರು. ಒಂದೊಂದು ಪೆಟ್ಟಿಗೆಗೂ ಸಾವಿರಾರು ರೂಪಾಯಿ ತೆತ್ತಿರುವಾಗ ಆ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಅದಕ್ಕೆ ಉತ್ತರವುಂಟು, ಅದರ ಬಹುಭಾಗ ಅಜ್ಜನಿಗೇ ಗೊತ್ತಿರುವಂಥದು.

ಮಗ ನುಡಿಸುವ ಸಂಗೀತಕ್ಕೆ ಪೋಸ್ಟ್-ರಾಕ್ ಎಂದು ಹೆಸರು. 1994ರಲ್ಲಿ ಇಂಗ್ಲೆಂಡಿನ ವಿಮರ್ಶಕ ಸೈಮನ್ ರೆನಾಲ್ಡ್ಸ್ ಈ ಹೆಸರನ್ನು ಬಳಕೆಗೆ ತಂದರು. ಸ್ಕಾಟ್‌ಲೆಂಡಿನ ಮೊಗ್ವಾಯ್, ಟೆಕ್ಸಾಸಿನ ಎಕ್ಸ್‌ಪ್ಲೋಷನ್ಸ್ ಇನ್ ದ ಸ್ಕೈ ಇದರ ಹೆಸರಾಂತ ಮೇಳಗಳು. ಹಾಡುವವರು ವಿರಳ. ಎರಡು ಮೂರು ಸ್ವರ ಪಿಸುಮಾತಿನಂತೆ ಹುಟ್ಟಿ, ಹತ್ತು ನಿಮಿಷದಲ್ಲಿ ಮುಂಗಾರಿನ ಗುಡುಗಾಗಿ, ಮತ್ತೆ ತಣ್ಣಗಾಗುತ್ತವೆ. ಮಾತಿಲ್ಲದ ಮೇಲೆ ನಾದವೇ ಎಲ್ಲವನ್ನೂ ಹೇಳಬೇಕು. ಪೆಟ್ಟಿಗೆಗಳು ಬರುವುದು ಅಲ್ಲಿಯೇ.

ಗಿಟಾರಿನ ವಿಚಾರ ಬೇಗ ಮುಗಿಯುತ್ತದೆ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿ ಕಂಪಿಸಿದರೆ ಈ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಇದೇ ಪಿಕಪ್. ಈ ಪಂಥದ ಅನೇಕರು ಮೆಚ್ಚುವ ಜಾಝ್‌ಮಾಸ್ಟರ್ ಎಂಬ ಗಿಟಾರನ್ನು 1958ರಲ್ಲಿ ಹೊರತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಆ ವಾದ್ಯದಲ್ಲಿ ಕುದುರೆಯ ಹಿಂದೆ ಉಳಿಯುವ ತಂತಿಯ ತುಂಡು, ಸಿತಾರಿನ ತರಬ್‌ನಂತೆ, ಯಾರೂ ಮುಟ್ಟದೆ ತಾನೇ ಮಿಡಿಯುತ್ತದೆ.

ಪೆಟ್ಟಿಗೆಗಳಲ್ಲಿ ಮೊದಲನೆಯದು ಸ್ವರವನ್ನು ಒಡಕಾಗಿಸುವ ಫಝ್. ಇದರ ಜನ್ಮವೇ ಒಂದು ತಪ್ಪಿನಿಂದ ಆದದ್ದು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸರ ಹಾಡೊಂದನ್ನು ಧ್ವನಿಮುದ್ರಿಸುತ್ತಿದ್ದಾಗ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನರ ಬಾಸ್ ಗಿಟಾರು ಕರಕರ ಎಂದಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿದರು. 1961ರಲ್ಲಿ ಆ ಹಾಡು ಜನಪ್ರಿಯವಾಯಿತು. ಕೆಟ್ಟ ಯಂತ್ರದ ದನಿಯನ್ನೇ ಬೇಕೆಂದಾಗ ಹುಟ್ಟಿಸುವ ಪೆಟ್ಟಿಗೆ ಮರುವರ್ಷ ಮಾರುಕಟ್ಟೆಗೆ ಬಂದಿತು. ಹರಿದ ಲೌಡ್‌ಸ್ಪೀಕರಿನ ದನಿಯನ್ನು ಜಾತ್ರೆಯಲ್ಲಿ ಕೇಳಿ ಕಿವಿ ಮುಚ್ಚಿಕೊಂಡವರು ಅದಕ್ಕೂ ಹಣ ಕೊಡುವವರುಂಟೆಂದು ನಂಬುವುದು ಕಷ್ಟವೇ.

ಎರಡನೆಯದು ಡಿಲೇ, ಪೋಸ್ಟ್-ರಾಕಿನವನ ಪ್ರಾಣ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ವಿಜಯಪುರದವರೆಗೆ ಹೋದರೆ ಸಾಕು. ಮಹಮದ್ ಆದಿಲಶಾಹನ ಗೋಳಗುಮ್ಮಟದ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟದ ಮಗು ಈ ಸೀಮೆಯಲ್ಲಿ ಉಂಟೆ? ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಸೆಕೆಂಡಿಗೆ ಸುಮಾರು 340 ಮೀಟರು ಓಡುವ ಶಬ್ದ ಎದುರು ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ, ಪ್ರತಿ ಸಲವೂ ಕೊಂಚ ಕುಂದುತ್ತದೆ. ಡಿಲೇ ಪೆಟ್ಟಿಗೆ ಮಾಡುವುದೂ ಇಷ್ಟೆ. ಅದರ ಮೂರು ಗುಂಡಿಗಳು ಮೂರು ಪ್ರಶ್ನೆ ಕೇಳುತ್ತವೆ: ಗೋಡೆ ಎಷ್ಟು ದೂರವಿರಲಿ, ದನಿ ಎಷ್ಟು ಸಲ ಮರಳಲಿ, ಎಷ್ಟು ಗಟ್ಟಿಯಾಗಿ ಮರಳಲಿ? 1974ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆ ಹೊರತಂದ ಸ್ಪೇಸ್ ಎಕೋ ಯಂತ್ರದಲ್ಲಿ ಸುತ್ತುವ ಟೇಪಿನ ಮೇಲೆ ದನಿಯನ್ನು ಬರೆದು ಕ್ಷಣ ತಡೆದು ಓದಿಸುತ್ತಿದ್ದರು. ಈಗ ಆ ಕೆಲಸ ಅಂಗೈಯಗಲದ ಪೆಟ್ಟಿಗೆಯಲ್ಲಿ ಅಂಕಿಗಳಿಂದ ನಡೆಯುತ್ತದೆ. 1656ರ ಹೊತ್ತಿಗೆ ಮುಗಿದ ಕಟ್ಟಡವನ್ನು ಹುಡುಗನೊಬ್ಬ ಕಾಲ ಬೆರಳಿನಿಂದ ಅದುಮಿ ಎಬ್ಬಿಸುತ್ತಾನೆ. ಪ್ರತಿಧ್ವನಿಯ ಲಯವನ್ನು ಲೆಕ್ಕ ಹಾಕಿ ಅದರ ನಡುನಡುವೆ ಹೊಸ ಸ್ವರ ಪೋಣಿಸಿದರೆ ಒಬ್ಬನೇ ನಾಲ್ವರಂತೆ ಕೇಳಿಸುತ್ತಾನೆ. ಲೆಕ್ಕ ತಪ್ಪಿತೋ, ಬರಿಯ ಗದ್ದಲ.

ಮಿಕ್ಕ ಪೆಟ್ಟಿಗೆಗಳ ಮಾತು ಇಲ್ಲಿ ಬೇಡ. ಆಂಪ್ಲಿಫೈಯರಿನ ಒಂದು ಗುಣ ಮಾತ್ರ ಹೇಳಬೇಕು. ಮೈಕು ಲೌಡ್‌ಸ್ಪೀಕರಿಗೆ ಮುಖಮಾಡಿದರೆ ಕುಂಯ್ ಎಂದು ಚೀರುವುದು ಎಲ್ಲರ ಅನುಭವ. ಹೊರಟ ದನಿಯೇ ಮರಳಿ ಒಳಹೊಕ್ಕು ಬೆಳೆಯುವ ಪರಿ ಅದು. ಗಿಟಾರಿನವನು ಬೇಕೆಂದೇ ಆಂಪ್ಲಿಫೈಯರಿನ ಎದುರು ನಿಲ್ಲುತ್ತಾನೆ. ಅದರ ಗರ್ಜನೆ ತಂತಿಯನ್ನು ಮತ್ತೆ ಅಲುಗಿಸುತ್ತದೆ. ಒಮ್ಮೆ ಮೀಟಿದ ಸ್ವರ ಸಾಯದೆ ನಿಲ್ಲುತ್ತದೆ. ಇಷ್ಟೆಲ್ಲ ಸಲಕರಣೆ ಹೊತ್ತು ಅವನು ಬಂದು ಸೇರುವುದು ಎಲ್ಲಿಗೆ? ಎಡೆಬಿಡದೆ ನಿಲ್ಲುವ ಒಂದು ಸ್ವರಕ್ಕೆ. ಏಕತಾರಿಯವನು ಬೆರಳೊಂದರಿಂದ ಸೇರುವ ಜಾಗಕ್ಕೆ.

ಆದರೆ ಈಗ ಆ ಏಕತಾರಿಯೇ ಕೇಳಿಸದಂತಾಗುವ ಪ್ರಸಂಗ ಬಂದಿದೆ. ಜಾತ್ರೆಯ ವೇದಿಕೆಯಲ್ಲಿ ಮೈಕು ಹಾಡುವವನ ಬಾಯಿಗೆ ಒಂದು, ಹಾರ್ಮೋನಿಯಂಗೆ ಒಂದು. ಮೂಲೆಯಲ್ಲಿ ಏಕತಾರಿ ಹಿಡಿದವರ ಬೆರಳು ಆಡುವುದು ಕಾಣಿಸುತ್ತದೆ, ನಾದ ಕಿವಿ ಮುಟ್ಟುವುದಿಲ್ಲ. ಕೇಳಿಸದ ವಾದ್ಯವನ್ನು ಯಾವ ಮಗ ಕಲಿತಾನು?

ಇಲ್ಲಿ ಆ ರಜೆಯ ಹುಡುಗ ಉಪಕಾರಕ್ಕೆ ಬರಬಹುದು. ನಾಣ್ಯದಗಲದ ಪೀಜೋ ಬಿಲ್ಲೆಯೊಂದನ್ನು ಏಕತಾರಿಯ ಬುರುಡೆಗೆ ಮೇಣದಿಂದ ಅಂಟಿಸಿದರೆ ಅದು ಕಂಪನವನ್ನೇ ವಿದ್ಯುತ್ತಾಗಿ ಮಾಡುತ್ತದೆ. ಅದಕ್ಕೆ ತಗಲುವ ಖರ್ಚು ಅವನ ಅತಿ ಅಗ್ಗದ ಪೆಟ್ಟಿಗೆಗಿಂತಲೂ ಕಡಿಮೆ. ನಡುವೆ ಒಂದು ಸಣ್ಣ ಪ್ರಿಆಂಪ್ಲಿಫೈಯರ್ ಇರಬೇಕು, ಇಲ್ಲವಾದರೆ ದನಿ ತಗಡಿನಂತಾಗುತ್ತದೆ. ಆಂಪ್ಲಿಫೈಯರನ್ನು ಹಾಡುವವರ ಹಿಂದೆ, ನೆಲದ ಮೇಲೆ, ಮೆಲುದನಿಯಲ್ಲಿ ಇಡಬೇಕು. ಫಝ್ ಬೇಡ. ಡಿಲೇಯಂತೂ ಬೇಡವೇ ಬೇಡ: ಪೋಸ್ಟ್-ರಾಕಿಗೆ ಮಾತಿಲ್ಲ, ತತ್ವಪದಕ್ಕೆ ಮಾತೇ ಜೀವ, ಒಂದು ನುಡಿಯ ಮೇಲೆ ಹಿಂದಿನ ನುಡಿಯ ನೆರಳು ಬಿದ್ದರೆ ಮಡಿವಾಳಪ್ಪನವರು ಹೇಳಿದ್ದು ಯಾರಿಗೂ ತಿಳಿಯದು. ಹತ್ತು ಪೆಟ್ಟಿಗೆಗಳ ಹಲಗೆ ಆ ರಾತ್ರಿ ಮನೆಯಲ್ಲಿಯೇ ಇರಲಿ. ಆಂಪ್ಲಿಫೈಯರನ್ನು ಹೊತ್ತು ತರಲು ಅಜ್ಜ ಒಂದು ಕೈ ಕೊಟ್ಟಾರು.